ಒಂದೇ ಥರ ಕಾಣುವ ಗಾಲ್ಫ್ ಡ್ರೈವರ್‌ಗಳಲ್ಲಿ ನಿಮ್ಮ ಸ್ವಿಂಗ್‌ಗೆ ಯಾವುದು?

ಡ್ರೈವರ್ ಅಂದರೆ ಗಾಲ್ಫ್‌ನಲ್ಲಿ ಚೆಂಡನ್ನು ಅತಿ ದೂರ ಹೊಡೆಯುವ ಕೋಲು. ಪಿಂಗ್ ಕಂಪನಿಯ ಜಿ430 ಸರಣಿಯನ್ನೇ ನೋಡಿ. ಅದರಲ್ಲಿ ಮ್ಯಾಕ್ಸ್, ಮ್ಯಾಕ್ಸ್ 10ಕೆ, ಎಸ್‌ಎಫ್‌ಟಿ, ಎಲ್‌ಎಸ್‌ಟಿ ಅಂತ ನಾಲ್ಕು ಮುಖ್ಯ ಡ್ರೈವರ್‌ಗಳಿವೆ. ಪಕ್ಕಪಕ್ಕ ಇಟ್ಟರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಟೇಲರ್‌ಮೇಡ್ ಕ್ಯೂಐ10ರಲ್ಲೂ ಇದೇ ಕಥೆ: ಸಾದಾ ಒಂದು, ಮ್ಯಾಕ್ಸ್ ಒಂದು, ಎಲ್‌ಎಸ್ ಒಂದು. ಅಂಗಡಿಯವರು ಎಲ್ಲವನ್ನೂ "ತುಂಬಾ ದೂರ ಹೋಗುತ್ತೆ ಸರ್" ಅಂತಲೇ ಮಾರುತ್ತಾರೆ.

ದೂರದ ಮಾತನ್ನು ಮೊದಲು ಪಕ್ಕಕ್ಕಿಡಿ. ಡ್ರೈವರ್‌ನ ಫೇಸ್ (ಚೆಂಡಿಗೆ ತಾಗುವ ಮುಂಭಾಗ) ಎಷ್ಟು ಚಿಮ್ಮಬಹುದು ಅನ್ನುವುದಕ್ಕೆ ಗಾಲ್ಫ್ ನಿಯಮ ಮಾಡುವ ಸಂಸ್ಥೆಗಳಾದ ಯುಎಸ್‌ಜಿಎ ಮತ್ತು ಆರ್ ಆಂಡ್ ಎ ಮಿತಿ ಹಾಕಿವೆ. ಹೆಡ್, ಅಂದರೆ ಕೋಲಿನ ತುದಿಯ ದಪ್ಪ ಭಾಗ, ಗಾತ್ರದಲ್ಲಿ 460 ಸಿಸಿ ಮೀರುವಂತಿಲ್ಲ. ದೊಡ್ಡ ಕಂಪನಿಗಳೆಲ್ಲ ಆ ಮಿತಿಯ ಹತ್ತಿರವೇ ಇವೆ. ಹಾಗಾಗಿ ಚೆಂಡು ಫೇಸ್‌ನ ನಡುವೆ ಸಿಕ್ಕರೆ ಈ ನಾಲ್ಕರಲ್ಲಿ ಯಾವುದರಿಂದ ಹೊಡೆದರೂ ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ. ನಡುವೆ ಸಿಗದಿದ್ದಾಗ ಏನಾಗುತ್ತದೆ ಅನ್ನುವುದರಲ್ಲೇ ಇವು ಬೇರೆಯಾಗುವುದು.

ಹೆಡ್‌ನೊಳಗೆ ಭಾರ ಎಲ್ಲಿದೆ ಅನ್ನುವುದೇ ಮುಖ್ಯ. ಭಾರ ಹಿಂದಕ್ಕೆ ಹೋದಷ್ಟೂ ಹೆಡ್ ಕಡಿಮೆ ತಿರುಚಿಕೊಳ್ಳುತ್ತದೆ, ಚೆಂಡು ಎತ್ತರಕ್ಕೆ ಏಳುತ್ತದೆ, ಸ್ಪಿನ್ (ಚೆಂಡು ಹಿಮ್ಮುಖವಾಗಿ ಸುತ್ತುವುದು) ಸ್ವಲ್ಪ ಜಾಸ್ತಿ. ಮ್ಯಾಕ್ಸ್, 10ಕೆ ಅನ್ನುವ ಹೆಸರಿನವು ಈ ಜಾತಿ. ಭಾರ ಮುಂದಿದ್ದರೆ ಸ್ಪಿನ್ ಇಳಿಯುತ್ತದೆ, ಆದರೆ ಅಂಚಿಗೆ ತಾಗಿದ ಹೊಡೆತವನ್ನು ಕ್ಷಮಿಸುವುದಿಲ್ಲ. ಎಲ್‌ಎಸ್, ಎಲ್‌ಎಸ್‌ಟಿ ಇಂಥವು. ಜಿ430 ಎಲ್‌ಎಸ್‌ಟಿಯ ಹೆಡ್ 440 ಸಿಸಿ ಮಾತ್ರ. ಎಸ್‌ಎಫ್‌ಟಿಯಲ್ಲಿ ಭಾರ ಹೀಲ್ ಕಡೆಗೆ, ಅಂದರೆ ಶಾಫ್ಟ್ (ಕೋಲಿನ ಉದ್ದನೆಯ ಕಡ್ಡಿ) ಸೇರುವ ಬದಿಗೆ ಇರುವುದರಿಂದ ಫೇಸ್ ಬೇಗ ಮುಚ್ಚಿಕೊಳ್ಳುತ್ತದೆ. ಅಂದರೆ ಬಲಗೈ ಆಟಗಾರರ ಸ್ಲೈಸ್ (ಚೆಂಡು ಬಲಕ್ಕೆ ಬಾಗಿ ಹೋಗುವುದು) ಕಡಿಮೆ ಮಾಡಲೆಂದೇ ಮಾಡಿದ್ದು.

ಈಗ ನಿಮ್ಮ ಹೊಡೆತ ಎಲ್ಲಿ ಬೀಳುತ್ತಿದೆ ನೋಡಿ. ಇದಕ್ಕೆ ಲಾಂಚ್ ಮಾನಿಟರ್ (ಹೊಡೆತ ಅಳೆಯುವ ಯಂತ್ರ) ಬೇಡ. ವೈಟ್‌ಬೋರ್ಡ್ ಮಾರ್ಕರ್‌ನಿಂದ ಚೆಂಡಿನ ಹಿಂಬದಿಗೆ ಒಂದು ದಪ್ಪ ಚುಕ್ಕೆ ಹಾಕಿ, ಆ ಚುಕ್ಕೆ ಫೇಸ್‌ಗೆ ತಾಗುವ ಹಾಗೆ ಟೀ (ಚೆಂಡು ಕೂರಿಸುವ ಪುಟ್ಟ ಗೂಟ) ಮೇಲಿಟ್ಟು ಹೊಡೆಯಿರಿ. ಫೇಸ್ ಮೇಲೆ ಗುರುತು ಬೀಳುತ್ತದೆ. ಪ್ರತಿ ಹೊಡೆತದ ನಂತರ ಮೊಬೈಲ್‌ನಲ್ಲಿ ಒಂದು ಫೋಟೊ, ಆಮೇಲೆ ಬಟ್ಟೆಯಿಂದ ಒರೆಸಿ. ಒಂದು ಬುಟ್ಟಿ ಚೆಂಡು ಮುಗಿಯುವಷ್ಟರಲ್ಲಿ ನಿಮ್ಮ ಗುಣ ಗೊತ್ತಾಗಿರುತ್ತದೆ. ಹೆಚ್ಚಿನವರು ಈ ಕೆಲಸ ಮಾಡದೇ ನೇರವಾಗಿ ಅಂಗಡಿಗೆ ಹೋಗಿ ದುಡ್ಡು ಸುರಿಯುತ್ತಾರೆ, ಯಾಕೋ ಗೊತ್ತಿಲ್ಲ.

ಗುರುತು ಹೀಲ್ ಕಡೆಗೆ, ಅಂದರೆ ಶಾಫ್ಟ್ ಹತ್ತಿರ ಬೀಳುತ್ತಿದ್ದರೆ ಚೆಂಡಿಗೆ ಬಲಕ್ಕೆ ತಿರುಗುವ ಸ್ಪಿನ್ ಸಿಗುತ್ತದೆ. ಅದರ ಎದುರಿನ ತುದಿಗೆ, ಟೋ ಕಡೆಗೆ ಬಿದ್ದರೆ ಎಡಕ್ಕೆ. ಡ್ರೈವರ್‌ನ ಫೇಸ್ ಉಬ್ಬಿಕೊಂಡಿರುವುದರಿಂದ ಹೀಗಾಗುತ್ತದೆ ಅಂತ ಹಲವರು ಅಂದುಕೊಂಡಿದ್ದಾರೆ. ನಿಜ ಹೇಳಬೇಕೆಂದರೆ ಹೆಡ್ ತಿರುಚಿಕೊಳ್ಳುವುದರಿಂದ ಆ ಸ್ಪಿನ್ ಬರುತ್ತದೆ, ಉಬ್ಬು ಇರುವುದು ಅದನ್ನು ಸರಿದೂಗಿಸಲು. ಗುರುತು ಫೇಸ್‌ನ ಕೆಳಗಿದ್ದರೆ ಸ್ಪಿನ್ ಏರುತ್ತದೆ, ಮೇಲಿದ್ದರೆ ಚೆಂಡು ಎತ್ತರಕ್ಕೆ ಎದ್ದು ಸ್ಪಿನ್ ಇಳಿಯುತ್ತದೆ.

ಇಲ್ಲೇ ಜನ ತಪ್ಪು ಡ್ರೈವರ್ ಕೊಳ್ಳುವುದು. "ನನ್ನ ಚೆಂಡು ಗಾಳಿಪಟದ ಹಾಗೆ ಮೇಲೆ ಹೋಗಿ ಅಲ್ಲೇ ಬೀಳುತ್ತೆ, ಸ್ಪಿನ್ ಜಾಸ್ತಿ" ಅಂತ ಎಲ್‌ಎಸ್ ತರುತ್ತಾರೆ. ಆದರೆ ಆ ಸ್ಪಿನ್ ಬರುತ್ತಿರುವುದು ಫೇಸ್‌ನ ಕೆಳಭಾಗದಿಂದ, ಇಲ್ಲವೇ ಮೇಲಿನಿಂದ ಕೆಳಕ್ಕೆ ಕುಟ್ಟುವ ಸ್ವಿಂಗ್‌ನಿಂದ. ಮೊದಲು ಟೀಯನ್ನು ಎತ್ತರಿಸಿ, ಅರ್ಧ ಚೆಂಡು ಹೆಡ್‌ನ ಮೇಲಂಚಿಗಿಂತ ಮೇಲೆ ಕಾಣಬೇಕು. ಚೆಂಡನ್ನು ಎಡ ಹಿಮ್ಮಡಿಯ ಎದುರಿಗೆ ತನ್ನಿ. ಇಷ್ಟಕ್ಕೇ ಸರಿಹೋದರೆ ಒಳ್ಳೆಯದೇ, ದುಡ್ಡು ಉಳಿಯಿತು.

ಗುರುತುಗಳು ಫೇಸ್ ತುಂಬಾ ಚೆಲ್ಲಾಡಿದ್ದರೆ ಮ್ಯಾಕ್ಸ್ ಅಥವಾ 10ಕೆ ತಗೊಳ್ಳಿ, ಬೇರೆ ಯೋಚನೆ ಬೇಡ. ಗುರುತುಗಳು ಒಂದೇ ಕಡೆ ಗುಂಪಾಗಿವೆ, ಸ್ವಿಂಗ್ ವೇಗ ಗಂಟೆಗೆ 105 ಮೈಲಿ ದಾಟುತ್ತದೆ, ಆದರೂ ಚೆಂಡು ಎತ್ತರಕ್ಕೆ ಹೋಗಿ ನಿಲ್ಲುತ್ತಿದೆ ಅನ್ನುವವರಿಗೆ ಮಾತ್ರ ಎಲ್‌ಎಸ್ ಅರ್ಥಪೂರ್ಣ. ಎಸ್‌ಎಫ್‌ಟಿ ಥರದ್ದು ಸ್ಲೈಸ್ ಇರುವವರಿಗೆ ಸರಿ, ಆದರೆ ಅದು ಸ್ಲೈಸನ್ನು ಕಡಿಮೆ ಮಾಡುತ್ತದೆಯೇ ಹೊರತು ವಾಸಿ ಮಾಡುವುದಿಲ್ಲ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋಗುವವರು ಅದನ್ನು ಮುಟ್ಟಬೇಡಿ, ಎಡಗಡೆ ಹೋಗುವ ಚೆಂಡು ಇನ್ನೂ ಎಡಕ್ಕೆ ಹೋಗುತ್ತದೆ.

ಲಾಫ್ಟ್, ಅಂದರೆ ಫೇಸ್ ಹಿಂದಕ್ಕೆ ವಾಲಿರುವ ಕೋನದ ವಿಷಯದಲ್ಲಿ ಒಣ ಜಂಬ ಬೇಡ. 9 ಡಿಗ್ರಿ ಗಂಡಸರದ್ದು, 12 ಡಿಗ್ರಿ ಹೆಂಗಸರದ್ದು ಅನ್ನುವ ಮಾತು ಕ್ಲಬ್‌ಗಳಲ್ಲಿ ಇನ್ನೂ ಓಡಾಡುತ್ತದೆ, ಸುಮ್ನೆ ಬಿಟ್ಟುಬಿಡಿ. ವೇಗ 95 ಮೈಲಿಗಿಂತ ಕಡಿಮೆಯಿದ್ದರೆ 10.5ರಿಂದ ಶುರು ಮಾಡಿ, 85ರ ಸುತ್ತ ಇದ್ದರೆ 12 ಹೊಡೆದು ನೋಡಿ. ಹೋಸೆಲ್ (ಹೆಡ್‌ಗೆ ಶಾಫ್ಟ್ ಕೂರುವ ಜಾಗ) ತಿರುಗಿಸಿ ಲಾಫ್ಟ್ ಬದಲಿಸುವಾಗ ಇನ್ನೊಂದು ನೆನಪಿರಲಿ: ಲಾಫ್ಟ್ ಏರಿಸಿದರೆ ಫೇಸ್ ಸ್ವಲ್ಪ ಮುಚ್ಚಿಕೊಳ್ಳುತ್ತದೆ, ಇಳಿಸಿದರೆ ತೆರೆದುಕೊಳ್ಳುತ್ತದೆ. ಸ್ಲೈಸ್ ಇರುವವರು ಲಾಫ್ಟ್ ಇಳಿಸಿದರೆ ಕಷ್ಟ ಹೆಚ್ಚುವುದು ಇದಕ್ಕೇ.

ಶಾಫ್ಟ್ ಎಷ್ಟು ಗಟ್ಟಿ ಅಂತ ಹೇಳಲು ಅದರ ಮೇಲೆ ಬರೆದ ಆರ್, ಎಸ್, ಎಕ್ಸ್ ಅಕ್ಷರಗಳನ್ನು ಪೂರ್ತಿ ನಂಬಬೇಡಿ. ಅವಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ಅಳತೆ ಇಲ್ಲ, ಒಬ್ಬರ ಆರ್ ಇನ್ನೊಬ್ಬರ ಎಸ್‌ನಷ್ಟು ಗಟ್ಟಿಯಾಗಿರಬಹುದು. ತೂಕ ನೋಡಿ, ಕೊನೆಯ ಹೋಲ್‌ಗೆ ಬರುವ ಹೊತ್ತಿಗೂ ಸರಾಗವಾಗಿ ಬೀಸಲು ಆಗುವಂಥದ್ದು ಬೇಕು. ಉದ್ದ 45.5 ಇಂಚಿನ ಆಸುಪಾಸು ಬರುತ್ತದೆ. ನಡುವೆ ಸಿಗುತ್ತಿಲ್ಲ ಅನ್ನಿಸಿದರೆ ಗ್ರಿಪ್‌ನಲ್ಲಿ ಒಂದು ಇಂಚು ಕೆಳಗೆ ಹಿಡಿದು ಹೊಡೆಯಿರಿ, ಆಗ ಹೆಚ್ಚು ಸರಿಯಾಗಿ ಸಿಕ್ಕರೆ ಶಾಫ್ಟ್ ಕತ್ತರಿಸುವ ಬಗ್ಗೆ ಕೇಳಬಹುದು.

ಹೋಲಿಸಿ ನೋಡಲು ಹೋಗುವಾಗ ನಿಮ್ಮ ಹಳೇ ಡ್ರೈವರ್ ಜೊತೆಗಿರಲಿ, ಚೆಂಡೂ ನಿಮ್ಮದೇ ಇರಲಿ. ರೇಂಜ್ (ಅಭ್ಯಾಸದ ಮೈದಾನ) ಚೆಂಡುಗಳು ಸವೆದಿರುತ್ತವೆ, ಅವುಗಳ ಸ್ಪಿನ್ ಲೆಕ್ಕ ನಂಬುವಂತಿಲ್ಲ. ಒಂದರಲ್ಲಿ ನಾಲ್ಕೈದು ಹೊಡೆದು ಇನ್ನೊಂದಕ್ಕೆ ಬದಲಾಯಿಸಿ, ಮತ್ತೆ ಮೊದಲಿನದಕ್ಕೆ ಬನ್ನಿ. ಮೈ ಬಿಸಿಯಾದ ಮೇಲೆ ಹೊಡೆದ ಡ್ರೈವರ್ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ, ಅಲ್ವಾ? ಪರದೆಯಲ್ಲಿ ಅತಿ ಉದ್ದದ ಹೊಡೆತವನ್ನು ನೋಡಬೇಡಿ. ಪ್ರತಿ ಡ್ರೈವರ್‌ನ ಕೆಟ್ಟ ಮೂರು ಹೊಡೆತ ಎಲ್ಲಿ ಬಿದ್ದವು ನೋಡಿ, ಅದರಲ್ಲೇ ಆಯ್ಕೆ ಮಾಡಿ. ದೂರವೊಂದೇ ಮುಖ್ಯವಲ್ಲ: ಟೋಕಿಯೊ ಒಲಿಂಪಿಕ್ಸ್‌ನ ಗಾಲ್ಫ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯವರಾದಾಗ ಅವರ ಡ್ರೈವ್‌ಗಳು ಅಲ್ಲಿದ್ದ ಬಹುತೇಕರಿಗಿಂತ ಗಿಡ್ಡ.

ಬೆಂಗಳೂರಿನಲ್ಲಿ ಪರೀಕ್ಷೆ ಮಾಡುವವರು ಇನ್ನೊಂದು ಲೆಕ್ಕ ಹಿಡಿಯಬೇಕು. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು. ಚೆಂಡು ಅಂದಾಜು 3% ಜಾಸ್ತಿ ಹೋಗುತ್ತದೆ, ಬಾಗುವುದೂ ಕಡಿಮೆ. ಅದೇ ಡ್ರೈವರ್ ಹಿಡಿದು ಸಮುದ್ರದ ಪಕ್ಕದ ಮಂಗಳೂರಿನ ಪಿಲಿಕುಳ ಗಾಲ್ಫ್ ಮೈದಾನಕ್ಕೆ ಹೋದರೆ 200 ಯಾರ್ಡ್‌ನ ಹೊಡೆತ ಐದಾರು ಯಾರ್ಡ್ ಕುಗ್ಗಿ, ಸ್ಲೈಸ್ ಇನ್ನಷ್ಟು ಬಾಗುತ್ತದೆ. ಮಳೆಗಾಲದಲ್ಲಿ ಒದ್ದೆಯಾದ ಫೇರ್‌ವೇಯಲ್ಲಿ (ಚೆಂಡು ಬೀಳಬೇಕಾದ ಹುಲ್ಲಿನ ಪಟ್ಟಿ) ಚೆಂಡು ಉರುಳುವುದೂ ಇಲ್ಲ, ಆಗ ಎತ್ತರಕ್ಕೆ ಏಳಿಸುವ ಹೆಡ್‌ಗೇ ಲಾಭ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರಿಗೆ: ಪಿಂಗ್ ಜಿ410, ಜಿ425ರ ಶಾಫ್ಟ್ ಜಿ430 ಹೆಡ್‌ಗೂ ಕೂರುತ್ತದೆ. ಕೈಗೆ ಒಗ್ಗಿದ ಶಾಫ್ಟ್ ಮನೆಯಲ್ಲಿದ್ದರೆ ಹೆಡ್ ಮಾತ್ರ ಹುಡುಕಿ, ಅದರ ಮುಖದಲ್ಲಿ ಬಿರುಕು ಇದೆಯಾ ಅಂತ ಬಿಸಿಲಿಗೆ ಹಿಡಿದು ನೋಡಿ, ಅಲ್ಲಾಡಿಸಿದಾಗ ಒಳಗೆ ಏನೋ ಗಲಗಲ ಅಂದರೆ ಬೇಡ ಅನ್ನಿ.