ಹಳೆಯ ಐನ್‌ಮನೆ ದುರಸ್ತಿ: ಮೊದಲು ಮಾಡು (ಚಾವಣಿ), ಆಮೇಲೆ ಗೋಡೆ

ಕೊಡಗಿನಲ್ಲಿ ಮನೆತನದ ಮೂಲಮನೆಯಾದ ಹಳೆಯ ಐನ್‌ಮನೆಯನ್ನೋ ಎಸ್ಟೇಟ್ ಬಂಗಲೆಯನ್ನೋ ಹೋಂಸ್ಟೇ ಮಾಡಲು ಹೊರಟವರು ಮೊದಲು ಪೇಂಟರನ್ನು ಕರೆಸುತ್ತಾರೆ. ಕರೆಸಬೇಕಾದದ್ದು ಹೆಂಚಿನ ಕೆಲಸ ಬಲ್ಲ ಬಡಗಿಯನ್ನು. ಮಾಡು ಸೋರುತ್ತಿದ್ದರೆ ಗೋಡೆಗೆ ಸುರಿದ ದುಡ್ಡು ಒಂದೇ ಮಳೆಗಾಲದಲ್ಲಿ ಉದುರಿಹೋಗುತ್ತದೆ.

ಸುಗ್ಗಿ ಹಬ್ಬ ಪುತ್ತರಿ ಮುಗಿದ ಕೂಡಲೇ ಆಳುಗಳನ್ನು ಗೊತ್ತುಮಾಡಿಕೊಳ್ಳಿ, ರೊಬಸ್ಟಾ ಕಾಫಿಯ ಕುಯ್ಲು ಜೋರಾದ ಮೇಲೆ ಯಾರೂ ಸಿಗುವುದಿಲ್ಲ. ಜನವರಿಯಲ್ಲಿ ಮಾಡು, ಫೆಬ್ರವರಿಯಲ್ಲಿ ಗೋಡೆ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬೀಳುವಷ್ಟರಲ್ಲಿ ಗಾರೆ ಗಟ್ಟಿಯಾಗಿರಬೇಕು.

ಮಟಮಟ ಮಧ್ಯಾಹ್ನ ಬಾಗಿಲು ಮುಚ್ಚಿ ಅಟ್ಟ ಹತ್ತಿ. ಬೆಳಕಿನ ಚುಕ್ಕೆ ಕಂಡಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿ. ನೀರು ತೊಟ್ಟಿಕ್ಕುವ ಕಡೆಯೇ ಹೆಂಚು ಒಡೆದಿದೆ ಎಂದುಕೊಳ್ಳಬೇಡಿ. ನೀರು ಹೆಂಚು ಹೊರುವ ಇಳಿಜಾರು ಮರದ, ಅಂದರೆ ಪಕ್ಕಾಸಿನ ಗುಂಟ ಇಳಿದು ಬಂದಿರುತ್ತದೆ, ಕಲೆಯಿಂದ ಮೇಲಕ್ಕೆ ಹುಡುಕಿಕೊಂಡು ಹೋಗಿ. ಇಳಿಸಿದ ಪ್ರತಿ ಹೆಂಚನ್ನೂ ಬೆರಳ ಗೆಣ್ಣಿನಿಂದ ತಟ್ಟಿ. ಟಣ್ ಎಂದರೆ ಇಟ್ಟುಕೊಳ್ಳಿ. ಸದ್ದು ಮಂಕಾಗಿದ್ದರೆ ಕಣ್ಣಿಗೆ ಕಾಣದ ಬಿರುಕಿದೆ.

100 ಚದರಡಿಗೆ ಸುಮಾರು 150 ಹೆಂಚು ಹಿಡಿಯುತ್ತದೆ. ತೊಂದರೆ ಬರುವುದು ಹೊಸದನ್ನೂ ಹಳೆಯದನ್ನೂ ಬೆರೆಸಿದಾಗ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯಲ್ಲಿ ಬೇರೆ ಕಾರ್ಖಾನೆಗಳೂ ಬಂದವು, ಅವುಗಳ ಅಚ್ಚು ಒಂದೇ ಅಳತೆಯದಲ್ಲ. ಅಂಚಿನ ತೋಡು ಒಂದು ನೂಲಿನಷ್ಟು ತಪ್ಪಿದರೂ ಗಾಳಿಮಳೆಗೆ ನೀರು ಒಳನುಗ್ಗುತ್ತದೆ. ಹೆಂಚಿನ ಮೇಲೆ ಒತ್ತಿದ ಹೆಸರು ನೋಡಿ ವಿಂಗಡಿಸಿ, ಹಳೆಯವನ್ನೆಲ್ಲ ಮುಂದಿನ ಇಳಿಜಾರಿಗೆ, ಹೊಸವನ್ನೆಲ್ಲ ಹಿಂದಿನದಕ್ಕೆ ಹೊದಿಸಿ. ಪಾಚಿಯನ್ನು ಒಣಗಿದ ಮೇಲೆ ತೆಂಗಿನ ನಾರಿನ ಬ್ರಷ್‌ನಿಂದ ಉಜ್ಜಿ. ಪ್ರೆಷರ್ ವಾಷರ್ ಹಿಡಿದರೆ ಹೆಂಚಿನ ಮೇಲ್ಪದರವೇ ಕಿತ್ತುಬರುತ್ತದೆ.

ಇನ್ನು ಗೋಡೆ. ಮಣ್ಣಿನ ಗೋಡೆಗೆ ಸಿಮೆಂಟ್ ಬಳಿಯಬೇಡಿ, ದಯವಿಟ್ಟು. ನೆಲದಿಂದ ಏರಿದ ತೇವ ಹೊರಗೆ ಆರಲು ದಾರಿಯಿಲ್ಲದೆ ಒಳಗೇ ಕೂತು ಮಣ್ಣನ್ನು ಕೆಸರಾಗಿಸುತ್ತದೆ. ಹೊರಗೆ ಸಿಮೆಂಟ್ ನೆಟ್ಟಗೆ ನಿಂತಿರುತ್ತದೆ, ತಟ್ಟಿದರೆ ಟೊಳ್ಳು. ಅಂಥ ಕಡೆ ಬುಡದಿಂದ ಮೂರಡಿ ಎತ್ತರದವರೆಗೆ ಕಿತ್ತು ಕನಿಷ್ಠ ಮೂರು ವಾರ ಒಣಗಲು ಬಿಡಿ. ನೀರಲ್ಲಿ ಅರಳಿಸಿ ಕನಿಷ್ಠ 15 ದಿನ ಮುಚ್ಚಿಟ್ಟ ಸುಣ್ಣ 1 ಪಾಲು, ಜರಡಿ ಹಿಡಿದ ಹೊಳೆ ಮರಳು 3 ಪಾಲು ಕಲಸಿ. ಸಮುದ್ರದ ಮರಳು ಬೇಡ, ಉಪ್ಪು ಬಿಳಿ ಪುಡಿಯಾಗಿ ಹೊರಬೀಳುತ್ತದೆ. ಗೋಡೆಗೆ ನೀರು ಚಿಮುಕಿಸಿ ಅರ್ಧ ಇಂಚಿಗಿಂತ ದಪ್ಪವಾಗದಂತೆ ಹಚ್ಚಿ, ಒಂದು ವಾರ ಒದ್ದೆ ಗೋಣಿ ಇಳಿಬಿಡಿ. ಬಿಸಿಲಿಗೆ ಬೇಗ ಒಣಗಿದ ಗಾರೆ ಸೀಳುತ್ತದೆ. ಸುಣ್ಣ ಅರಳಿಸುವಾಗ ಕುದಿದು ಸಿಡಿಯುತ್ತದೆ, ಕನ್ನಡಕ ಹಾಕಿಕೊಳ್ಳಿ.

ಗೋಡೆ ಬುಡದ ಮಣ್ಣು ವರ್ಷಗಳಿಂದ ಏರಿರುತ್ತದೆ. ಒಳಗಿನ ನೆಲಕ್ಕಿಂತ ಕನಿಷ್ಠ ಆರಿಂಚು ಕೆಳಗಿರುವಂತೆ ಅಗೆದು, ಸೂರಿನ ನೀರು ಬೀಳುವ ಸಾಲಿನಲ್ಲಿ 10 ಅಡಿಗೆ 3 ಇಂಚು ಇಳಿಜಾರಿನ ಚರಂಡಿ ಮಾಡಿ.

ಜಗಲಿಯ ಕಂಬಗಳ ನಡುವೆ ಕೂರಲು ಹಾಕಿದ ಮರದ ಹಲಗೆಗೆ, ಅಂದರೆ ಐಮರಕ್ಕೆ ವಾರ್ನಿಷ್ ಬೇಡ, ಅಗಸೆ ಎಣ್ಣೆ ತೆಳ್ಳಗೆ ಉಜ್ಜಿದರೆ ಸಾಕು. ಅಡುಗೆಮನೆಯ ಒಲೆ ಆರಿಸಿ ಗ್ಯಾಸಿಗೆ ಬಂದಿದ್ದರೆ ಮೇಲಿನ ತೊಲೆಗಳಿಗೆ ಹೊಗೆಯ ಕಾವಲು ತಪ್ಪಿರುತ್ತದೆ, ಹುಳುವಿನ ತೂತು ಇದೆಯೇ ಎಂದು ವರ್ಷಕ್ಕೊಮ್ಮೆ ನೋಡಿ. ಅತಿಥಿಗಳಿಗೆ ಬಚ್ಚಲು ಬೇಕೆಂದು ಮಣ್ಣಿನ ಗೋಡೆ ಕೊರೆದು ಪೈಪ್ ಎಳೆಯಬೇಡಿ. ಹಿಂದುಗಡೆ ಬೇರೆಯಾಗಿ ಕಟ್ಟಿ ಮಾಡಿನ ಕೆಳಗೆ ದಾರಿ ಕೊಡಿ. ಪೂಜೆಯ ಕೋಣೆಯಾದ ಕನ್ನಿ ಕೋಂಬರೆಯನ್ನಂತೂ ಬಾಡಿಗೆಯ ಕೋಣೆಗಳ ಲೆಕ್ಕಕ್ಕೆ ಸೇರಿಸಲೇಬೇಡಿ.