ಡಾಲ್ಟನ್ ಹೈವೇ ಕೆಸರಿನಲ್ಲಿ ಬಿಗಿದ ಸೈಕಲ್ ಹಿಂಚಕ್ರ ಬಿಡಿಸಿದ್ದು
ಅಲಾಸ್ಕಾದ ಡಾಲ್ಟನ್ ಹೈವೇಯ ಜಲ್ಲಿ ದಾರಿಗೆ ಧೂಳು ಏಳದಿರಲೆಂದು ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಉಪ್ಪು ಹಾಕುತ್ತಾರೆ. ಮಳೆ ಬಂದರೆ ಅಂಟು ಕೆಸರು, ಒಣಗಿದರೆ ಸಿಮೆಂಟು. ನನ್ನ ಸೈಕಲ್ಲಿನ ಹಿಂಚಕ್ರ ಮಡ್‌ಗಾರ್ಡ್ ಒಳಗೇ ಬಿಗಿದು ನಿಂತಿತು, ಚೈನ್ ಹಲ್ಲು ತಪ್ಪಿ ಜಿಗಿಯುತ್ತಿತ್ತು. ಹೀಗಾದಾಗ ಬಲವಾಗಿ ತುಳಿಯಲೇಬೇಡಿ, ಡಿರೇಲರ್ ಹ್ಯಾಂಗರ್ (ಗೇರ್ ಬದಲಿಸುವ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ತುಂಡು) ಮುರಿಯುತ್ತದೆ. ಇದೇ ದಾರಿಯ ಕೋಲ್ಡ್‌ಫುಟ್ ತಂಗುದಾಣದಿಂದ ಉತ್ತರ ತುದಿಯ ಡೆಡ್‌ಹಾರ್ಸ್‌ವರೆಗೆ ಸುಮಾರು 385 ಕಿ.ಮೀ. ಬಿಡಿಭಾಗ ಸಿಗುವ ಜಾಗವೇ ಇಲ್ಲ.

ಮಡ್‌ಗಾರ್ಡ್ ಎರಡನ್ನೂ ಬಿಚ್ಚಿ ಲಗೇಜಿಗೆ ಕಟ್ಟಿದೆ. ಕೆಸರು ಹಸಿಯಿರುವಾಗಲೇ ಟೆಂಟ್ ಗೂಟದಿಂದ ಚೈನ್‌ಸ್ಟೇ (ಪೆಡಲ್ ಕಡೆಯಿಂದ ಹಿಂಚಕ್ರಕ್ಕೆ ಹೋಗುವ ಫ್ರೇಮಿನ ಕೊಳವೆ) ಸಂದು, ಡಿರೇಲರಿನ ಪುಟ್ಟ ಜಾಕಿ ವೀಲ್ ಹಲ್ಲುಗಳ ನಡುವೆ ಕೆರೆದು ತೆಗೆದೆ. ಆಮೇಲೆ ಬಾಟಲಿಯಿಂದ ನೀರು, ನಿಧಾನವಾಗಿ. ರಭಸವಾಗಿ ಹೊಡೆದರೆ ಹಬ್ ಸೀಲ್ ದಾಟಿ ಉಪ್ಪು ಬೇರಿಂಗಿಗೆ ಇಳಿಯುತ್ತದೆ. ಚೈನ್ ಒರೆಸಿ, ಪ್ರತಿ ರೋಲರಿಗೆ ಒಂದೊಂದು ಹನಿ ವೆಟ್ ಲ್ಯೂಬ್ (ಒದ್ದೆ ದಾರಿಗೆ ಬಳಸುವ ಚೈನ್ ಎಣ್ಣೆ). ನಿಮ್ಮ ಫ್ರೇಮಿಗೇ ಹೊಂದುವ ಇನ್ನೊಂದು ಹ್ಯಾಂಗರ್ ಜೊತೆಗಿರಲಿ.