ಜಾಳಿ ಕರಗಿದ ಡಬ್ಬಿ: ಕಾರಿನ ಕ್ಯಾಟಲಿಟಿಕ್ ಕನ್ವರ್ಟರ್ ನಾನೇ ಬದಲಿಸಿದ್ದು

ಜೂನ್ ಮೊದಲ ವಾರ. ಹುಮನಾಬಾದ್ ರೋಡಿನಲ್ಲಿ ಒಂದು ಲಾರಿ ದಾಟೋಣ ಅಂತ ಆಕ್ಸಿಲರೇಟರ್ ಒತ್ತಿದೆ. ಕಾರು ಮುಂದಕ್ಕೆ ಹೋಗಲೇ ಇಲ್ಲ. ಯಾರೋ ಹಿಂದಿನಿಂದ ಬಂಪರ್ ಹಿಡಿದು ಜಗ್ಗಿದ ಹಾಗಾಯಿತು. 60 ದಾಟಲಿಲ್ಲ. ಸುಮ್ನೆ ಲಾರಿ ಹಿಂದೆಯೇ ಕಲಬುರಗಿ ತನಕ ಬಂದೆ.

ನನ್ನದು ಪಂಪ್‌ಸೆಟ್ ಮೋಟರ್ ವೈಂಡಿಂಗ್ ಅಂಗಡಿ. ಕಾರು ಮಿಸ್ತ್ರಿ ಅಲ್ಲ, ಆದರೆ ಪಾನಾ ಹಿಡಿಯುವ ಚಟ ಇದೆ. ಕಾರು 2014ರದ್ದು, ಮೂರು ಸಿಲಿಂಡರಿನ ಸಣ್ಣ ಪೆಟ್ರೋಲ್ ಗಾಡಿ, ಓಡಿದ್ದು 1,26,000 ಕಿಲೋಮೀಟರ್. ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದಿದ್ದೆ.

ಮೊದಲು ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಏರ್ ಫಿಲ್ಟರ್ ಬದಲಿಸಿದೆ. ಪೆಟ್ರೋಲ್ ಕೆಟ್ಟಿರಬೇಕು ಅಂತ ಬೇರೆ ಬಂಕಿನಲ್ಲಿ ಹಾಕಿಸಿದೆ. ಏನೂ ಫರಕ್ ಬರಲಿಲ್ಲ. ನಾಲ್ಕನೇ ದಿನ ಬೆಳಗ್ಗೆ ಕಾರು ಸ್ಟಾರ್ಟ್ ಮಾಡಿದಾಗ ಸೀಟಿನ ಕೆಳಗಿಂದ ಸದ್ದು ಬಂತು. ತಗಡಿನ ಡಬ್ಬಿಯಲ್ಲಿ ನಾಲ್ಕು ಕಲ್ಲು ಹಾಕಿ ಅಲ್ಲಾಡಿಸಿದ ಸದ್ದು. ಕೆಳಗೆ ಮಲಗಿ ರಬ್ಬರ್ ಸುತ್ತಿಗೆಯಿಂದ ಹೊಗೆ ಕೊಳವೆಯಲ್ಲಿ ಕೂತಿರುವ ಕನ್ವರ್ಟರ್ ಡಬ್ಬಿಯ ಮೇಲೆ ಮೆಲ್ಲಗೆ ತಟ್ಟಿದೆ. ಗಲಗಲ ಅಂತು. ಒಳಗಿನ ಜಾಳಿ ಒಡೆದಿತ್ತು.

ಈ ಡಬ್ಬಿಯೊಳಗೆ ಜೇನುಗೂಡಿನಂಥ ಪಿಂಗಾಣಿ ಜಾಳಿ ಇರುತ್ತದೆ. ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳು ಲೇಪ. ಇಂಜಿನ್ನಿನಿಂದ ಬರುವ ಕಾರ್ಬನ್ ಮಾನಾಕ್ಸೈಡ್, ಪೂರ್ತಿ ಉರಿಯದ ಪೆಟ್ರೋಲ್ ಆವಿ, ನೈಟ್ರೋಜನ್ ಆಕ್ಸೈಡ್ ಇವೆಲ್ಲ ಆ ಸಣ್ಣ ತೂತುಗಳಲ್ಲಿ ಹಾಯುವಾಗ ಇಂಗಾಲದ ಡೈಆಕ್ಸೈಡ್, ನೀರಿನ ಆವಿ, ನೈಟ್ರೋಜನ್ ಆಗುತ್ತವೆ. ನಮ್ಮ ದೇಶದಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಕಡ್ಡಾಯವಾಯಿತು. ಅದರ ಜೊತೆಗೇ ಸೀಸ ಇಲ್ಲದ ಪೆಟ್ರೋಲೂ ಬಂತು, ಯಾಕಂದರೆ ಸೀಸ ಈ ಲೇಪವನ್ನು ಮುಚ್ಚಿ ಕೆಲಸಕ್ಕೆ ಬಾರದಂತೆ ಮಾಡುತ್ತದೆ.

ಜಾಳಿ ಒಡೆದಿದೆ ಅಂತ ಕಿವಿಗೆ ಗೊತ್ತಾದರೂ ಮನಸ್ಸಿಗೆ ಸಮಾಧಾನ ಇರಲಿಲ್ಲ. ಹೊಸದರ ಬೆಲೆ ಕೇಳಿದ ಮೇಲಂತೂ ಇನ್ನೂ ಇರಲಿಲ್ಲ. ಹಾಗಾಗಿ ಮೂರು ಪರೀಕ್ಷೆ ಮಾಡಿದೆ. ಬ್ಲೂಟೂತ್ ಸ್ಕ್ಯಾನರ್ ಚುಚ್ಚಿ ಮೊಬೈಲಿನಲ್ಲಿ ನೋಡಿದರೆ ಕಾರಿನ ಕಂಪ್ಯೂಟರ್ ಬರೆದಿಟ್ಟ ಪಿ0420 ಅನ್ನುವ ದೋಷದ ಕೋಡ್. ಕನ್ವರ್ಟರ್ ಕೆಲಸ ಸಾಲುತ್ತಿಲ್ಲ ಅಂತ ಅರ್ಥ. ಆದರೆ ಕೋಡ್ ಒಂದನ್ನೇ ನಂಬಬಾರದು. ನನ್ನ ಕಾರಿಗೆ ಹೊಗೆಯಲ್ಲಿನ ಆಕ್ಸಿಜನ್ ಅಳೆಯುವ ಎರಡು ಸೆನ್ಸರ್, ಡಬ್ಬಿಗೆ ಮುಂಚೆ ಒಂದು, ಆಮೇಲೆ ಒಂದು. ಮುಂದಿನದರ ವೋಲ್ಟ್ 0.1ರಿಂದ 0.9ರ ನಡುವೆ ಏರಿಳಿಯುತ್ತಲೇ ಇರಬೇಕು. ಡಬ್ಬಿ ಸರಿ ಇದ್ದರೆ ಹಿಂದಿನದು ಹೆಚ್ಚುಕಮ್ಮಿ ಒಂದೇ ಕಡೆ ನಿಲ್ಲುತ್ತದೆ. ನನ್ನದರಲ್ಲಿ ಎರಡೂ ಜೋಡೆತ್ತಿನ ಹಾಗೆ ಒಟ್ಟಿಗೇ ಕುಣಿಯುತ್ತಿದ್ದವು.

ಎರಡನೆಯದು, ಅಂಗಡಿಯಲ್ಲಿ ಮೋಟರ್ ಶಾಖ ನೋಡುವ ಗನ್. ಕಾರನ್ನು ಚೆನ್ನಾಗಿ ಓಡಿಸಿ ತಂದು, ಇಂಜಿನ್ 2500 ಆರ್‌ಪಿಎಂನಲ್ಲಿ ಇಟ್ಟು ಅಳೆದೆ. ಡಬ್ಬಿಯ ಮುಂದೆ 310 ಡಿಗ್ರಿ, ಹಿಂದೆ 190. ಕೆಲಸ ಮಾಡುವ ಕನ್ವರ್ಟರಿನಲ್ಲಿ ಹಿಂದಿನ ತುದಿಯೇ ಜಾಸ್ತಿ ಬಿಸಿ ಇರಬೇಕು, ಒಳಗೆ ಉರಿ ನಡೆಯುತ್ತದಲ್ವಾ. ಮೂರನೆಯದು ಸ್ವಲ್ಪ ಒರಟು. ಮುಂದಿನ ಸೆನ್ಸರ್ ಬಿಚ್ಚಿ, ಆ ತೂತು ತೆರೆದಿಟ್ಟು, ಗಾಡಿ ನಿಂತಲ್ಲೇ ಒಂದು ನಿಮಿಷ ರೇಸ್ ಕೊಟ್ಟೆ. ಕಿವಿ ಕಿತ್ತುಹೋಗುವ ಸದ್ದು, ಆದರೆ ಇಂಜಿನ್ ಹಗುರಾಗಿ ಏರಿತು. ಇಷ್ಟು ದಿನ ಅದಕ್ಕೆ ಉಸಿರುಗಟ್ಟಿತ್ತು.

ಪರಿಚಯದ ಮಿಸ್ತ್ರಿ ಭಾಯ್ ಬಂದು ನೋಡಿ ನಕ್ಕರು. "ಅಣ್ಣಾ, ಇದಕ್ಕ ಯಾಕ ಇಷ್ಟು ರೊಕ್ಕ ಹಾಕ್ತೀರಿ? ಜಾಳಿ ಒಡದು ತಗದು, ಖಾಲಿ ಡಬ್ಬಿ ಕೂಡಿಸಿಬಿಡ್ತೀನಿ. ಪಿಕಪ್ ನೋಡ್ರಿ ಆಮೇಲೆ!"

ಪಿಕಪ್ ಬರುತ್ತದೆ, ಸುಳ್ಳಲ್ಲ. ಕಟ್ಟಿದ್ದನ್ನು ಬಿಡಿಸಿದರೆ ಯಾವ ಗಾಡಿಗೂ ಬರುತ್ತದೆ. ಆದರೆ ಇಂಜಿನ್ ಲೈಟ್ ಉರಿಯುತ್ತಲೇ ಇರುತ್ತದೆ, ಹೊಗೆ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೇನೆ, ಮನೆ ಮುಂದೆ ಸ್ಟಾರ್ಟ್ ಮಾಡಿದಾಗ ಆ ವಿಷ ಕುಡಿಯುವುದು ನನ್ನ ಮಕ್ಕಳೇ. ಬೇಡ ಅಂದೆ. "ನಿಮ್ಮ ರೊಕ್ಕ, ನಿಮ್ಮ ಖುಷಿ" ಅಂದು ಚಹಾ ಕುಡಿದು ಹೋದರು.

ಆದರೆ ಹೊಸದು ತರುವ ಮುಂಚೆ ಒಂದು ಪ್ರಶ್ನೆ ಉಳಿದಿತ್ತು. ಇದು ಸತ್ತಿದ್ದು ಯಾಕೆ? ಕನ್ವರ್ಟರ್ ತಾನಾಗಿ ಸಾಯುವುದು ಕಡಿಮೆ, ಸಾಮಾನ್ಯವಾಗಿ ಇಂಜಿನ್ನೇ ಅದನ್ನು ಕೊಲ್ಲುತ್ತದೆ. ಉರಿಯದ ಪೆಟ್ರೋಲ್ ಡಬ್ಬಿಗೆ ಬಂದು ಅಲ್ಲಿ ಉರಿದರೆ ಪಿಂಗಾಣಿ ಕರಗುತ್ತದೆ. ಇಂಜಿನ್ ಆಯಿಲ್ ಕುಡಿಯುತ್ತಿದ್ದರೆ ಲೇಪದ ಮೇಲೆ ಬೂದಿ ಕೂರುತ್ತದೆ. ಆಗ ನೆನಪಾಯಿತು. ಏಪ್ರಿಲ್‌ನಲ್ಲಿ ಇಂಜಿನ್ ಲೈಟ್ ಮಿಣಮಿಣ ಅಂತ ಮಿಟುಕಿತ್ತು, ಗಾಡಿ ಕುಂಟುತ್ತಿತ್ತು. ಬೇಸಿಗೆಯಲ್ಲಿ ಬೋರ್‌ವೆಲ್ ಮೋಟರ್ ಸುಡುವುದು ಜಾಸ್ತಿ, ನನಗೆ ತಲೆ ಎತ್ತಲು ಟೈಮ್ ಇಲ್ಲ. ಹೋಗ್ಲಿ ಅಂತ ಒಂದೂವರೆ ತಿಂಗಳು ಹಾಗೇ ಓಡಿಸಿದೆ. ಆ ಲೈಟ್ ಸುಮ್ನೆ ಉರಿದರೆ ನಾಲ್ಕು ದಿನ ತಡೆಯಬಹುದು. ಮಿಟುಕಿದರೆ ಸಿಲಿಂಡರಿನಲ್ಲಿ ಮಿಸ್ಫೈರ್ ಇದೆ, ಅಂದರೆ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ, ಕನ್ವರ್ಟರ್ ಸುಡುತ್ತಿದೆ ಅಂತ. ಇದು ನನಗೆ ಗೊತ್ತಿರಲಿಲ್ಲ.

ಹಳೆಯ ಕೋಡುಗಳಲ್ಲಿ ಪಿ0303 ಇತ್ತು, ಮೂರನೇ ಸಿಲಿಂಡರಿನಲ್ಲಿ ಮಿಸ್ಫೈರ್ ಅಂತ. ಪ್ಲಗ್ಗಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ಅಂದರೆ ನನ್ನ ಕಸುಬಿನದೇ ಅಲ್ವಾ ಅಂತ ಮೀಟರ್ ಹಚ್ಚಿ ಓಮ್ಸ್ ನೋಡಿದೆ. ತಲೆಬುಡ ತಿಳಿಯಲಿಲ್ಲ. ಪ್ಲಗ್ ಮೇಲೆ ಕೂರುವ ಈ ಕಾಯಿಲಿನೊಳಗೆ ಎಲೆಕ್ಟ್ರಾನಿಕ್ ಸ್ವಿಚ್ಚೂ ಇದೆ, ಮೋಟರ್ ವೈಂಡಿಂಗ್ ಅಳೆದ ಹಾಗೆ ಅಳೆಯಲು ಬರಲ್ಲ. ಇಪ್ಪತ್ತು ವರ್ಷದ ಅನುಭವ ಅಲ್ಲಿ ಸೊನ್ನೆ. ಕೊನೆಗೆ ಮೂರನೆಯದರ ಕಾಯಿಲನ್ನು ಒಂದನೆಯದಕ್ಕೆ ಹಾಕಿದೆ. ಕೋಡ್ ಪಿ0301 ಆಯಿತು, ಕಾಯಿಲ್ ಜೊತೆ ದೋಷವೂ ಒಂದನೇ ಸಿಲಿಂಡರಿಗೆ ಬಂತು. ಕಳ್ಳ ಸಿಕ್ಕ. ಹೊಸ ಕಾಯಿಲ್, ಮೂರೂ ಪ್ಲಗ್ ಹಾಕಿದೆ.

ಕನ್ವರ್ಟರ್ ಹೈದರಾಬಾದಿನಿಂದ ತರಿಸಿದೆ, 21,400 ರೂಪಾಯಿ. 7,000ಕ್ಕೂ ಒಂದು ಸಿಗುತ್ತಿತ್ತು. ಕೈಯಲ್ಲಿ ತೂಗಿ ನೋಡಿದರೆ ತೀರಾ ಹಗುರ, ಧೈರ್ಯ ಬರಲಿಲ್ಲ.

ಶನಿವಾರ ರಾತ್ರಿಯೇ ನಟ್ಟುಗಳಿಗೆಲ್ಲ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟೆ. ಭಾನುವಾರ ಬೆಳಗ್ಗೆ ಆರಕ್ಕೇ ಶುರು, ಹೊತ್ತೇರಿದರೆ ನಮ್ಮೂರ ಬಿಸಿಲಲ್ಲಿ ಗಾಡಿ ಕೆಳಗೆ ಮಲಗಲು ಆಗಲ್ಲ. ಜಾಕ್ ಏರಿಸಿ ಎರಡು ಸ್ಟ್ಯಾಂಡ್ ಕೊಟ್ಟೆ. ಬರೀ ಜಾಕ್ ನಂಬಿ ಕೆಳಗೆ ಹೋಗುವವರನ್ನು ನೋಡಿದರೆ ನನಗೆ ಮೈ ನಡುಗುತ್ತದೆ. ಬ್ಯಾಟರಿ ನೆಗೆಟಿವ್ ತೆಗೆದೆ. ಹಿಂದಿನ ಸೆನ್ಸರನ್ನು ವೈರ್ ಹೋಗಲು ಸೀಳಿರುವ 22 ಎಂಎಂ ಸಾಕೆಟ್‌ನಿಂದ ಬಿಚ್ಚಿದೆ. ಹಿಂದಿನ ಎರಡು ಸ್ಪ್ರಿಂಗ್ ಬೋಲ್ಟ್ ಬಂದವು. ಮುಂದಿನ ಮೂರು ನಟ್ಟುಗಳಲ್ಲಿ ಎರಡು ಕಿರ್ರ್ ಅನ್ನುತ್ತ ಬಂದವು. ಮೂರನೆಯದು ತಿರುಗುತ್ತ ತಿರುಗುತ್ತ ಮೆತ್ತಗಾಯಿತು. ಆ ಮೆತ್ತಗಾಗುವುದು ಕೈಗೆ ಗೊತ್ತಾಗುತ್ತದೆ, ಹೊಟ್ಟೆಯಲ್ಲಿ ತಣ್ಣಗಾಗುತ್ತದೆ. ಟಕ್. ನಟ್ ಕೂರುವ ಸ್ಟಡ್, ಅಂದರೆ ತಲೆಯಿಲ್ಲದ ಬೋಲ್ಟ್, ಕೊಳವೆ ತುದಿಯ ಪಟ್ಟಿಯ ಮಟ್ಟಕ್ಕೆ ಮುರಿಯಿತು.

ಪಕ್ಕದ ಗೇಟ್ ಮಾಡುವ ವೆಲ್ಡರ್ ಹುಡುಗನನ್ನು ಕರೆದೆ. ಮುರಿದ ತುಂಡಿನ ಮೇಲೆ ಒಂದು ನಟ್ ಇಟ್ಟು, ಅದರ ತೂತಿನೊಳಗೆ ವೆಲ್ಡ್ ತುಂಬಿದ. ಕೆಂಪಗಾಗಿದ್ದು ಕಪ್ಪಗಾಗುವ ತನಕ ಕಾದು ಪಾನಾ ಹಾಕಿದ. ಬೆಣ್ಣೆಯಿಂದ ಕೂದಲು ಬಂದ ಹಾಗೆ ಬಂತು. ಶಾಖಕ್ಕೆ ತುಕ್ಕಿನ ಹಿಡಿತ ಬಿಟ್ಟಿತ್ತು. 200 ರೂಪಾಯಿ ಕೊಟ್ಟೆ, "ಬ್ಯಾಡ್ರಿ ಅಣ್ಣಾ" ಅನ್ನುತ್ತಲೇ ಜೇಬಿಗೆ ಹಾಕಿಕೊಂಡ.

ಹಳೇ ಡಬ್ಬಿಯೊಳಗೆ ಟಾರ್ಚ್ ಬಿಟ್ಟು ನೋಡಿದೆ. ಅರ್ಧ ಜಾಳಿ ಕರಗಿ ಬೆಲ್ಲದ ಪಾಕ ಗಟ್ಟಿಯಾದ ಹಾಗೆ ನಿಂತಿತ್ತು. ಇನ್ನರ್ಧ ಪುಡಿ. ಆ ಪುಡಿ ಎಲ್ಲಿ ಹೋಗಿರಬೇಕು? ಸೈಲೆನ್ಸರಿಗೆ. ಅದನ್ನೂ ಬಿಚ್ಚಿ ತಲೆಕೆಳಗು ಮಾಡಿ ಜಾಡಿಸಿದಾಗ ಒಂದು ಮುಷ್ಟಿ ಚೂರು ಬಿತ್ತು. ಇದನ್ನು ಬಿಟ್ಟಿದ್ದರೆ ಹೊಸದು ಹಾಕಿದರೂ ಗಾಡಿ ಎಳೆಯುತ್ತಿರಲಿಲ್ಲ.

ಕೂಡಿಸುವುದು ಸುಲಭ. ಹೊಸ ಸ್ಟಡ್, ಹೊಸ ಪ್ಯಾಕಿಂಗ್. ಸಿಲಿಕೋನ್ ಪೇಸ್ಟ್ ಮಾತ್ರ ಬಳಿಯಬೇಡಿ, ಅದರ ಆವಿ ಸೆನ್ಸರ್ ಕೆಡಿಸುತ್ತದೆ. ಸೆನ್ಸರಿನ ಆಟೆಗೆ, ಅಂದರೆ ತಿರುಪಿನ ಸುತ್ತುಗಳಿಗೆ, ಮುಂದೆ ಕಚ್ಚಿಕೊಳ್ಳದಿರಲಿ ಅಂತ ಹಾಕುವ ಪೇಸ್ಟ್ ಸ್ವಲ್ಪ ಹಚ್ಚಿದೆ, ತುದಿಗೆ ತಾಗದ ಹಾಗೆ. ಸ್ಟಾರ್ಟ್ ಮಾಡಿ, ಹೊಗೆ ಕೊಳವೆಗೆ ಒದ್ದೆ ಬಟ್ಟೆ ಒತ್ತಿ, ಜೋಡಣೆಗಳ ಹತ್ತಿರ ಪುಸ್ ಅನ್ನುತ್ತದಾ ಅಂತ ಕೇಳಿದೆ. ಇಲ್ಲ. ಹತ್ತು ನಿಮಿಷ ಕೆಳಗಿಂದ ಹೊಗೆ, ಸುಟ್ಟ ವಾಸನೆ. "ಏನ್ರಿ, ಗಾಡಿಗೆ ಬೆಂಕಿ ಹತ್ತೇದೇನು?" ಅಂತ ಹೆಂಡತಿ ಒಳಗಿಂದ ಓಡಿ ಬಂದಳು. ಹೊಸ ಡಬ್ಬಿಯ ಎಣ್ಣೆ ಪಸೆ ಅದು, ತಾನೇ ನಿಂತಿತು.

ಕೋಡ್ ಅಳಿಸಿ ಮರುದಿನ ಸೇಡಂ ರೋಡು ಹಿಡಿದು ಮಳಖೇಡಕ್ಕೆ ಹೋದೆ. ಕಂಪ್ಯೂಟರ್ ಕನ್ವರ್ಟರನ್ನು ಪರೀಕ್ಷಿಸಬೇಕಾದರೆ ಒಂದೇ ಸ್ಪೀಡಿನಲ್ಲಿ ಒಂದಿಷ್ಟು ಓಡಿಸಬೇಕು. ಕಾಗಿಣಾ ನದಿ ದಂಡೆಯಲ್ಲಿ ನಿಂತಾಗ ಒಣ ಹುಲ್ಲಿನ ಮೇಲೆ ಗಾಡಿ ನಿಲ್ಲಿಸಲಿಲ್ಲ. ಈ ಡಬ್ಬಿಯ ಬಿಸಿಗೆ ಹುಲ್ಲು, ತೊಗರಿ ಕಟ್ಟಿಗೆ ಹೊತ್ತಿಕೊಳ್ಳಬಹುದು. ಗನ್ ಹಿಡಿದೆ, ಮುಂದೆ 290, ಹಿಂದೆ 340. ಹೊಗೆ ತಪಾಸಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇಕಡಾ 0.04 ಬಂತು. ನನ್ನದು ಬಿಎಸ್4, ಅಂದರೆ ಭಾರತ್ ಸ್ಟೇಜ್ 4 ಹೊಗೆ ನಿಯಮದ ಗಾಡಿ, ಅದಕ್ಕೆ 0.3ರ ತನಕ ನಡೆಯುತ್ತದೆ.

ಹಳೇ ಡಬ್ಬಿ ಅಂಗಡಿಯ ಮೇಜಿನ ಕೆಳಗಿದೆ. ಗುಜರಿ ಕೊಳ್ಳುವ ಭಂಗಾರದವನಿಗೆ ಅದರೊಳಗಿನ ಬಂಗಾರ ಗೊತ್ತು. ಮೊದಲ ವಾರ 800 ಅಂದ. ಮೊನ್ನೆ ಬಂದಾಗ 2,500ಕ್ಕೆ ಏರಿದ್ದ. ನಾನು ಇನ್ನೂ ಹೂಂ ಅಂದಿಲ್ಲ.